ಸೀತಾಬಾಯಿ ಹೇಳಿದ ಕೊನೆ

ಚಿತ್ತಾಪುರದ ಸೀತಾಬಾಯಿಯವರು ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವರು. ಪಾಠದಲ್ಲಿ ಇಲ್ಲದ್ದನ್ನು ಉತ್ತರಪತ್ರಿಕೆಯಲ್ಲಿ ಬರೆದ ಮಕ್ಕಳಿಗೆ ಅವರು ಅರ್ಧ ಅಂಕವನ್ನೂ ಕೊಟ್ಟವರಲ್ಲ. ಪುಸ್ತಕದಲ್ಲಿ ಎಲ್ಲಿದೆ ತೋರಿಸು ಎಂಬುದು ಅವರ ಕಾಯಂ ಮಾತು. ತಾಲೂಕಿನ ಅರ್ಧದಷ್ಟು ಗುಮಾಸ್ತರು, ಮುಕ್ಕಾಲು ಪಾಲು ಮಾಸ್ತರುಗಳು ಆ ಮಾತಿಗೆ ಬೆವರಿ ಬೆಳೆದವರೇ. ಇಂಥ ಸೀತಾಬಾಯಿ ಜೀವಮಾನದಲ್ಲಿ ಒಂದೇ ಒಂದು ಸಲ, ಮೈಕಿನ ಮುಂದೆ ಕುಳಿತು, ನಾನೂರು ಜನರ ಕಿವಿಗೆ ಹಸಿ ಸುಳ್ಳು ಹೇಳಿದ್ದರು. ಆ ಗುಟ್ಟನ್ನು ಅವರು ಬಾಯಿಬಿಟ್ಟು ಹೇಳಿದ್ದು ಗಂಡ ಶ್ರೀನಿವಾಸರಾಯರ ಮುಂದೆ ಮಾತ್ರ. ರಾಯರು ಪೋಸ್ಟ್ ಮಾಸ್ತರರಾಗಿ ನಿವೃತ್ತರಾದವರು; ಲಕೋಟೆಯೊಳಗಿನದನ್ನು ಹೊರಗೆ ಹೇಳುವ ಅಭ್ಯಾಸ ಅವರಿಗಿರಲಿಲ್ಲ.

ಹೀಗೆ ಭದ್ರವಾಗಿದ್ದ ಗುಟ್ಟಿನ ಬುಡಕ್ಕೇ ಕೈ ಹಾಕಿದವಳು ಜಬೀನಾ. ಅವಳು ಸೀತಾಬಾಯಿಯವರ ಹಳೆಯ ಶಿಷ್ಯೆ, ಈಗ ಶಹಾಬಾದಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಹುಡುಗ ಹುಡುಗಿಯರನ್ನು ಕೂಡಿಸಿ ತಿಂಗಳಿಗೊಂದು ಹಳೆಯ ಸಿನಿಮಾ ತೋರಿಸುವ ಹುಚ್ಚು ಅವಳಿಗೆ. ಒಂದು ಮಧ್ಯಾಹ್ನ ಬಂದವಳು ಚಹಾದ ಕಪ್ಪು ಕೆಳಗಿಡುವ ಮೊದಲೇ ಸುದ್ದಿ ಹೇಳಿದಳು. ಒಂದು ಪ್ರಸಿದ್ಧ ಕಾದಂಬರಿಯನ್ನು ಬಹಳ ಹಿಂದೆಯೇ, ಕಪ್ಪು ಬಿಳುಪಿನ ಕಾಲದಲ್ಲೇ, ಸಿನಿಮಾ ಮಾಡಿದ್ದರಂತೆ. ಅದು ತನಗೆ ಸಿಕ್ಕಿದೆ, ಮಾತುಗಳನ್ನೆಲ್ಲ ಕನ್ನಡ ಮಾಡಿ ಚಿತ್ರದ ಕೆಳಗೆ ಬರೆದಿದ್ದೇನೆ ಎಂದಳು. ಕಥೆ ಇದು. ಒಂದಾನೊಂದು ದೇಶದಲ್ಲಿ ಮನೆಮನೆಯ ಗೋಡೆಗೂ ಸರಕಾರದ ಕಣ್ಣು. ಅಲ್ಲೊಬ್ಬ ನೌಕರ, ಅವನ ಕೆಲಸ ಹಳೆಯ ಪತ್ರಿಕೆಗಳನ್ನು ತಿದ್ದಿ, ಆಗಿದ್ದನ್ನು ಆಗಲಿಲ್ಲವೆಂದೂ ಆಗದ್ದನ್ನು ಆಯಿತೆಂದೂ ಬರೆಯುವುದು. ಅವನು ಒಬ್ಬ ಹುಡುಗಿಯನ್ನು ಪ್ರೀತಿಸುತ್ತಾನೆ, ಅದೇ ಅಪರಾಧವಾಗುತ್ತದೆ.

ಸೀತಾಬಾಯಿಯ ಕೈಯಲ್ಲಿದ್ದ ಚಹಾ ಅಲ್ಲೇ ತಣ್ಣಗಾಯಿತು. ಅವರು ಸುಳ್ಳು ಹೇಳಿದ್ದು ಇದೇ ಸಿನಿಮಾಕ್ಕೆ.

ಜಬೀನಾಳಿಗೆ ಅದು ಹೇಗೆ ಗೊತ್ತಿರಬೇಕು? ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಐವತ್ತು ವರ್ಷದ ಕೆಳಗೆ ಶಹಾಬಾದಿನ ಕಲ್ಲಿನ ಕಂಪನಿಯೊಂದರ ಕ್ಲಬ್ಬಿನಲ್ಲಿ ಇದೇ ಚಿತ್ರ ತೋರಿಸಿದ್ದರು, ಕೂಲಿಗಳಿಗಾಗಿ ಅದನ್ನು ಕನ್ನಡದಲ್ಲಿ ಹೇಳಿದವರು ತನ್ನ ಮೇಡಂ. ಆ ಕ್ಲಬ್ಬು ಈಗ ಮದುವೆ ಹಾಲ್ ಆಗಿದೆ. ಅಲ್ಲೇ ಮತ್ತೊಮ್ಮೆ ತೋರಿಸಬೇಕು, ಅಂದು ನೋಡಿದವರು ಇದ್ದರೆ ಹುಡುಕಿ ಕರೆಸಬೇಕು ಎಂಬುದು ಅವಳ ಆಸೆ. ಕೆಲವರು ಸಿಕ್ಕೂ ಬಿಟ್ಟಿದ್ದರು. ಇನ್ನೊಂದು ಆಸೆಯನ್ನು ಅವಳು ಹೊರಡುವಾಗ ಚಪ್ಪಲಿ ಮೆಟ್ಟುತ್ತ ಹೇಳಿದಳು.

"ಮೇಡಂ, ಕಡೀ ಹತ್ತು ಮಿನಿಟು ನಾ ಏನೂ ಬರದಿಲ್ರಿ. ಅಲ್ಲಿಂದ ಮುಂದ ನೀವೇ ಮೈಕ್ ಹಿಡದು ಹೇಳ್ಬೇಕು, ಹಿಂದ ಹೇಳಿದ್ರಲ್ಲ, ಥೇಟ್ ಹಂಗ."

ಅಂದಿನ ಸಂಗತಿಯನ್ನು ಇಲ್ಲಿ ಹೇಳದಿದ್ದರೆ ಸೀತಾಬಾಯಿಯ ಸಂಕಟ ಯಾರಿಗೂ ತಿಳಿಯಲಿಕ್ಕಿಲ್ಲ. ಅವರ ತಂದೆ ಆ ಕಂಪನಿಯ ಕಚೇರಿಯಲ್ಲಿ ಹೆಡ್ ಕ್ಲಾರ್ಕು. ತಿಂಗಳಿಗೊಮ್ಮೆ ಹೈದರಾಬಾದಿನಿಂದ ರೈಲಿನಲ್ಲಿ ತಗಡಿನ ಡಬ್ಬಿಗಳು ಬರುತ್ತಿದ್ದವು, ಅವುಗಳಲ್ಲಿ ಒಂದು ಇಂಗ್ಲಿಷ್ ಸಿನಿಮಾ. ಕ್ಲಬ್ಬಿನ ಮೈದಾನದಲ್ಲಿ ಎರಡು ಬಿದಿರು ನೆಟ್ಟು ಬಿಳಿ ಬಟ್ಟೆ ಕಟ್ಟುತ್ತಿದ್ದರು. ಮುಂದೆ ಸಾಹೇಬರಿಗೆ ಕುರ್ಚಿ, ಹಿಂದೆ ಗಣಿಯವರಿಗೆ ನೆಲ. ಸಾಹೇಬರು ನಗುವಾಗ ತಾವೂ ನಕ್ಕು, ಅವರು ಸುಮ್ಮನಾದಾಗ ತಾವೂ ಸುಮ್ಮನಾಗಿ ಗಣಿಯವರಿಗೆ ಬೇಸರ ಬಂದಿತ್ತು. ಕಥೆಯನ್ನು ಕನ್ನಡದಲ್ಲಿ ಹೇಳುವವರು ಬೇಕೆಂದರು. ಸಿನಿಮಾದ ಇಂಗ್ಲಿಷ್ ಬಲ್ಲವರೆಂದರೆ ಸಾಹೇಬರು, ಅವರು ಹೇಳುವವರಲ್ಲ; ಬಿಟ್ಟರೆ ಕಲಬುರಗಿಯಲ್ಲಿ ಬಿ.ಎ. ಓದುತ್ತಿದ್ದ ಹೆಡ್ ಕ್ಲಾರ್ಕರ ಮಗಳು.

ತಂದೆ ಮಾಧ್ವ ಸಂಪ್ರದಾಯದ ಬಿಗಿ ಮನುಷ್ಯ. ಮಗಳು ನಾನೂರು ಜನರ ಮುಂದೆ ಕೂರುವುದೆಂದರೆ ಅವರಿಗೆ ಎದೆ ಒಡೆದಂತೆ. ಮ್ಯಾನೇಜರ ಸಾಹೇಬರಿಗೆ ಇಲ್ಲವೆನ್ನುವುದೂ ಆಗದ ಮಾತು. ಕೊನೆಗೆ ಒಂದು ದಾರಿ ಕಂಡುಕೊಂಡರು. ಪರದೆಯ ಹಿಂದುಗಡೆ ಒಂದು ಕುರ್ಚಿ ಹಾಕಿಸಿ, ಅಲ್ಲಿ ಮಗಳನ್ನು ಕೂಡಿಸಿ, ಕೈಗೆ ಮೈಕು ಕೊಟ್ಟರು. ಚಿತ್ರ ಬಟ್ಟೆಯ ಮೂಲಕ ಹಾದು ಅವಳಿಗೂ ಕಾಣುತ್ತಿತ್ತು, ಅವಳು ಮಾತ್ರ ಯಾರಿಗೂ ಕಾಣುತ್ತಿರಲಿಲ್ಲ. ಜನ ಅವಳಿಗೆ ಪರದಾಬಾಯಿ ಎಂದು ಹೆಸರಿಟ್ಟರು. ಹಿಂದಿನಿಂದ ನೋಡಿದರೆ ಚಿತ್ರ ಎಡಬಲ ತಿರುಗಿ ಕಾಣುತ್ತದಲ್ಲ, ಇಂಗ್ಲಿಷರೆಲ್ಲ ಎಡಗೈಯಲ್ಲೇ ಬರೆಯುತ್ತಾರೆಂದು ಸೀತಾಬಾಯಿ ಮೊದಲ ನಾಲ್ಕು ಸಿನಿಮಾದ ತನಕ ನಂಬಿದ್ದರು. ಮುಂದೆ ಪ್ರೊಜೆಕ್ಟರ್ ನಡೆಸುವ ಹಾಜಿಮಲಂಗ್ ಎಂಬಾತ ಅದನ್ನು ಬಿಡಿಸಿ ಹೇಳಿ ಹೊಟ್ಟೆ ಹಿಡಿದು ನಕ್ಕ.

ಚಿತ್ರವನ್ನು ಮೊದಲೇ ನೋಡುವ ಅವಕಾಶವಿರಲಿಲ್ಲ. ಅರ್ಥವಾದದ್ದನ್ನು ಹೇಳುವುದು, ಆಗದ್ದನ್ನು ಊಹಿಸುವುದು, ರೀಲು ಬದಲಿಸುವಾಗ ಹಿಂದಿನದನ್ನು ಚುಟುಕಾಗಿ ಕಟ್ಟಿ ಕೊಡುವುದು. ಹೀಗೆ ನಾಲ್ಕು ವರ್ಷದಲ್ಲಿ ನಲವತ್ತು ಚಿತ್ರ ಹೇಳಿದರು. ಹೇಳುತ್ತ ಹೇಳುತ್ತ ಹತ್ತೊಂಬತ್ತರ ಹುಡುಗಿಗೆ ಒಂದು ಗರ್ವವೂ ಬೆಳೆಯಿತು, ಅದನ್ನು ಮುಚ್ಚಿಡುವುದು ಸರಿಯಲ್ಲ. ತಾನು ಹೇಳಿದ್ದೇ ಈ ಜನಕ್ಕೆ ಸಿನಿಮಾ, ತಾನು ಅತ್ತರೆ ಅವರೂ ಅಳುತ್ತಾರೆ ಎಂದು ಅವಳು ತಿಳಿದಿದ್ದಳು. ಆ ತಿಳಿವಳಿಕೆಯನ್ನು ಯಾರೂ ಪ್ರಶ್ನಿಸಲಿಲ್ಲವಾದ್ದರಿಂದ ಅದು ಅರವತ್ತೆಂಟನೆಯ ವಯಸ್ಸಿನ ತನಕ ಹಾಗೇ ಉಳಿದು ಬಂದಿತ್ತು.

ಆ ಸಿನಿಮಾ ಬಂದದ್ದು ತುರ್ತು ಪರಿಸ್ಥಿತಿಯ ವರ್ಷ. ಎಲ್ಲರೂ ದನಿ ತಗ್ಗಿಸಿ ಮಾತಾಡುತ್ತಿದ್ದ ಕಾಲದಲ್ಲಿ ಇಂಥ ಚಿತ್ರ ಹೇಗೆ ಬಂತು ಎಂದರೆ, ಡಬ್ಬಿಯ ಜೊತೆಗಿದ್ದ ಕಾಗದದಲ್ಲಿ ಗಂಡು ಹೆಣ್ಣು ತಬ್ಬಿಕೊಂಡ ಚಿತ್ರವಿತ್ತು. ಮ್ಯಾನೇಜರರು ಪ್ರೇಮಕಥೆಯೆಂದು ರುಜು ಹಾಕಿ ಇಸ್ಪೀಟಾಡಲು ಹೋದರು. ಮೈದಾನದ ಜನಕ್ಕೆ ಮಾತ್ರ ಎರಡನೆಯ ರೀಲಿನಲ್ಲೇ ಇದೇನೆಂದು ತಿಳಿಯಿತು. ಅದಕ್ಕೆ ಹದಿನೈದು ದಿನ ಮೊದಲು ಗಣಿಯ ಸಂಘದ ಸಿದ್ದಣ್ಣನನ್ನು ಪೊಲೀಸರು ಕರೆದೊಯ್ದಿದ್ದರು, ಎಲ್ಲಿಗೆಂದು ಯಾರೂ ಹೇಳಿರಲಿಲ್ಲ. ಚಿತ್ರದಲ್ಲಿ ಆ ನೌಕರನನ್ನು ಹಿಡಿದು ಒಯ್ಯುವಾಗ ಪರದೆಯ ಆಚೆ ಒಂದು ಕೆಮ್ಮೂ ಕೇಳಲಿಲ್ಲ. ಆಮೇಲೆ ಅವನನ್ನು ಹಿಂಸಿಸಿದರು. ಹೆಂಗಸರ ಕಡೆಯಿಂದ ಯಾರೋ ಬಿಕ್ಕುವುದು ಸೀತಾಬಾಯಿಗೆ ಕೇಳಿಸಿತು. ಕೊನೆಗೆ ಅವನೂ ಅವಳೂ ಒಂದು ಬೆಂಚಿನ ಮೇಲೆ ಭೇಟಿಯಾದರು. ಇಬ್ಬರೂ ಹಿಂಸೆ ತಾಳದೆ ಒಬ್ಬರನ್ನೊಬ್ಬರು ಸರಕಾರಕ್ಕೆ ಬಿಟ್ಟುಕೊಟ್ಟು ಬಂದವರು, ಪ್ರೀತಿ ಎಂಬುದು ಅವರಲ್ಲಿ ಉಳಿದಿರಲಿಲ್ಲ. ಅವಳು ಎದ್ದು ಹೋದಳು. ಅವನು ಗುಂಪಿನಲ್ಲಿ ಸೇರಿ ತನ್ನನ್ನು ಮುರಿದ ದೊರೆಗೇ ಜಯಕಾರ ಹಾಕಿದ.

ಸೀತಾಬಾಯಿಗೆ ಅದನ್ನು ಹೇಳಲು ನಾಲಿಗೆ ಏಳಲಿಲ್ಲ. ಆಚೆ ಬಿಕ್ಕುತ್ತಿದ್ದವಳಿಗೆ ಏನೆಂದು ಹೇಳುವುದು? ತಾವೂ ಅಳುತ್ತಿದ್ದರು. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟರು: ಅವನು ಕೂಗುತ್ತಿರುವುದೆಲ್ಲ ನಾಟಕ, ಕಾವಲಿನವರ ಕಣ್ಣಿಗೆ ಮಣ್ಣೆರಚಲು, ಹುಡುಗಿ ಮೊದಲು ಸ್ಟೇಷನ್ನಿಗೆ ಹೋದಳು, ಅವನು ಹಿಂದಿನಿಂದ ಹೋದ, ಇಬ್ಬರೂ ರೈಲು ಹತ್ತಿ ಆ ದೇಶವನ್ನೇ ಬಿಟ್ಟರು. ಅಷ್ಟರಲ್ಲಿ ರೀಲು ಮುಗಿದು ಬಟ್ಟೆ ಬೆಳ್ಳಗಾಯಿತು. ಒಂದು ಗಳಿಗೆ ಸುಮ್ಮನಿದ್ದ ಮೈದಾನ ಆಮೇಲೆ ಚಪ್ಪಾಳೆ ಹೊಡೆಯಿತು. ಹಿಂದೆಂದೂ ಅಷ್ಟು ಹೊತ್ತು ಚಪ್ಪಾಳೆ ಬಿದ್ದಿರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಸೀತಾಬಾಯಿ ಎಂದೋ ಮರೆಯುತ್ತಿದ್ದರು. ಆದರೆ ಅಲ್ಲಿ ಗುರುಲಿಂಗಪ್ಪ ಎಂಬ ಇಪ್ಪತ್ತನಾಲ್ಕರ ಯುವಕನಿದ್ದ. ರಾವೂರಿನವನು, ಗಣಿಯಲ್ಲಿ ಫರಸಿಗಲ್ಲು ಸೀಳುವ ಕೆಲಸ. ಸುಲೇಪೇಟೆಯಿಂದ ಸೋದರಮಾವನ ಮನೆಗೆ ಬಂದಿದ್ದ ನೀಲಾಬಾಯಿ ಎಂಬ ಹುಡುಗಿಯ ಮೇಲೆ ಅವನಿಗೆ ಮನಸ್ಸು, ಅವಳಿಗೂ ಅವನ ಮೇಲೆ. ಅವಳ ತಂದೆ ಕೊಡ್ಲಿಯಲ್ಲಿ ಹೊಲಮನೆ ಇದ್ದ ವರನನ್ನು ಗೊತ್ತುಮಾಡಿದ್ದ. ಸಿನಿಮಾ ಆದ ವಾರಕ್ಕೆ ಇಬ್ಬರೂ ವಾಡಿ ಜಂಕ್ಷನ್ನಿನಲ್ಲಿ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋಗಿ ಮಠವೊಂದರಲ್ಲಿ ಮದುವೆಯಾದರು. ಹಿರಿಯರ ಸಿಟ್ಟು ಇಳಿದ ಮೇಲೆ, ಆರು ತಿಂಗಳಿಗೆ, ತಿರುಗಿ ಬಂದರು. ಅಂದಿನಿಂದ ಗುರುಲಿಂಗಪ್ಪ ಕೇಳಿದವರಿಗೂ ಕೇಳದವರಿಗೂ ಹೇಳುತ್ತ ಬಂದದ್ದು ಒಂದೇ: ನಮ್ಮ ಲಗ್ನ ಆದದ್ದು ಒಂದು ಸಿನಿಮಾದಿಂದ, ಅದರಲ್ಲಿಯೂ ಕೊನೆಗೆ ಇಬ್ಬರೂ ರೈಲು ಹತ್ತಿ ಹೋಗುತ್ತಾರೆ. ಆತನ ಮಗಳು ದಾನೇಶ್ವರಿಯೂ ಸೀತಾಬಾಯಿಯ ಕೈಯಲ್ಲೇ ಕಲಿತವಳು. ಪಾಲಕರ ಸಭೆಗೆ ಬಂದಾಗಲೆಲ್ಲ ಅವನು ಕೈಮುಗಿದು ಅದನ್ನೇ ಹೇಳುತ್ತಿದ್ದ. ಸೀತಾಬಾಯಿ ಕುಂಕುಮ ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದರು.

ಈಗ ಜಬೀನಾ ಹುಡುಕಿ ಕರೆಸಿದವರಲ್ಲಿ ಮೊದಲನೆಯವನೇ ಈ ಗುರುಲಿಂಗಪ್ಪ. ಮಗ, ಸೊಸೆ, ಮಗಳು, ಅಳಿಯ, ಐದು ಮೊಮ್ಮಕ್ಕಳು, ಎಲ್ಲರಿಗೂ ಟೆಂಪೋ ಗೊತ್ತುಮಾಡಿದ್ದಾನಂತೆ. ತಾನು ನಲವತ್ತೊಂಬತ್ತು ವರ್ಷ ಹೇಳಿದ ಕೊನೆಯನ್ನು ಮೊಮ್ಮಕ್ಕಳಿಗೆ ಅಂದು ಹೇಳಿದವರ ಬಾಯಿಂದಲೇ ಕೇಳಿಸಬೇಕು ಎಂಬುದು ಅವನ ಹಟವಂತೆ. ಚಿತ್ರದಲ್ಲಿ ರೈಲೇ ಇಲ್ಲ. ನಿಜ ಹೇಳಿದರೆ ಎಪ್ಪತ್ತಮೂರರ ಮುದುಕ ತನ್ನ ಮಕ್ಕಳು ಮೊಮ್ಮಕ್ಕಳ ಎದುರು ಸುಳ್ಳುಗಾರನಾಗುತ್ತಾನೆ. ಸುಳ್ಳನ್ನೇ ಮತ್ತೆ ಹೇಳಿದರೆ ಸೀತಾಬಾಯಿ ತಮ್ಮ ಮುಖವನ್ನು ತಾವೇ ನೋಡಿಕೊಳ್ಳುವಂತಿಲ್ಲ. ಹಳೆಯ ಪತ್ರಿಕೆ ತಿದ್ದುವ ಆ ನೌಕರನಿಗೂ ತನಗೂ ಏನು ಅಂತರ ಎಂದು ಅವರಿಗೆ ಹಗಲೂ ರಾತ್ರಿ ಕಾಡತೊಡಗಿತು. ಅವನಾದರೂ ಹೆದರಿ ತಿದ್ದುತ್ತಿದ್ದ, ತಾನು ಯಾರೂ ಕೇಳದೆ ತಿದ್ದಿದೆ!

ಶ್ರೀನಿವಾಸರಾಯರಿಗೆ ಇದು ದೊಡ್ಡ ವಿಷಯವಾಗಿ ಕಾಣಲಿಲ್ಲ. ಜಬೀನಾ ಹೇಳಿದ ಒಂದು ಮಾತನ್ನು ಅವರು ಹಿಡಿದುಕೊಂಡಿದ್ದರು. ಆ ಸಿನಿಮಾ ಮಾಡಿದವರೇ ಎರಡು ಕೊನೆ ತೆಗೆದಿದ್ದರಂತೆ, ಒಂದೊಂದು ದೇಶಕ್ಕೆ ಒಂದೊಂದು. ಒಂದರಲ್ಲಿ ನಾಯಕ ಬಾಗುತ್ತಾನೆ, ಇನ್ನೊಂದರಲ್ಲಿ ದೊರೆಗೆ ಧಿಕ್ಕಾರ ಕೂಗಿ ಸಾಯುತ್ತಾನೆ. ಶಹಾಬಾದಿಗೆ ಅಂದು ಬಂದದ್ದೂ ಈಗ ಜಬೀನಾಳಿಗೆ ಸಿಕ್ಕದ್ದೂ ಬಾಗುವ ಕೊನೆ. ಮಾಡಿದವರಿಗೇ ಎರಡು ಕೊನೆ ಬೇಕಾದರೆ ನಮ್ಮ ತಾಲೂಕಿಗೆ ಮೂರನೆಯದೊಂದು ಇರಲಿ ಬಿಡು ಎಂಬುದು ರಾಯರ ತೀರ್ಪು. ಹೆಂಡತಿ ನಗಲಿಲ್ಲ. ಮುಂಚೆಯೇ ಹೋಗಿ ಗುರುಲಿಂಗಪ್ಪನಿಗೆ ತಪ್ಪೊಪ್ಪಿಕೊಂಡು, ಟೆಂಪೋ ನಿಲ್ಲಿಸಿ ಬರುವುದೆಂದು ಅವರು ನಿರ್ಧರಿಸಿದರು.

ಹಾಗೆ ಒಂದು ಗುರುವಾರ ಗಂಡಹೆಂಡಿರು ರಾವೂರಿಗೆ ಹೋದರು. ಗುರುಲಿಂಗಪ್ಪನ ಮಗ ಈಗ ಕಲ್ಲಿಗೆ ಪಾಲಿಶ್ ಮಾಡುವ ಯಂತ್ರ ಹಾಕಿದ್ದಾನೆ. ಓಣಿಗೆ ಓಣಿಯೇ ಬಿಳಿ ಧೂಳು. ಮಗಳಿಗೆ ಕಲಿಸಿದ ಬಾಯಾರು ಮನೆಗೆ ಬಂದರೆಂದು ಯಂತ್ರ ನಿಲ್ಲಿಸಿದರು. ಮಾತು ಶುರುವಾಗುವ ಮೊದಲೇ ತಾಟು ಬಂತು: ಕಟಕ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಮೇಲೆ ಕೆನೆ ಮೊಸರು. ರಾಯರು ಬಂದ ಕೆಲಸ ಮರೆತು ಎರಡನೆಯ ರೊಟ್ಟಿಗೆ ಕೈ ಚಾಚಿದರು.

ಸೀತಾಬಾಯಿ ಸಿನಿಮಾದ ಮಾತು ತೆಗೆದದ್ದೇ ತಪ್ಪಾಯಿತು. ಗುರುಲಿಂಗಪ್ಪ ಮೊಮ್ಮಕ್ಕಳನ್ನು ಕೂಗಿ ಕರೆದು ಸುತ್ತ ಕೂಡಿಸಿಕೊಂಡು ಕೊನೆಯನ್ನು ಹೇಳತೊಡಗಿದ. ಆ ನಾಯಕ ಎರಡು ಟಿಕೆಟ್ ತೆಗೆಸುತ್ತಾನೆ. ಹುಡುಗಿ ಗುರುತು ಸಿಗದಂತೆ ತಲೆಮೇಲೆ ಶಾಲು ಹೊದ್ದಿರುತ್ತಾಳೆ. ಗಾಡಿ ಅರ್ಧ ತಾಸು ತಡ. ಇಬ್ಬರೂ ಒಂದೇ ಬಟ್ಟಲಿನಲ್ಲಿ ಚಹಾ ಕುಡಿಯುತ್ತಾರೆ. ಸೀತಾಬಾಯಿ ಬೆರಗಾಗಿ ಕೇಳಿದರು. ತಾವು ಇದರಲ್ಲಿ ಒಂದನ್ನೂ ಹೇಳಿರಲಿಲ್ಲ. ಒಂದು ಸುಳ್ಳು ಬಿತ್ತಿದ್ದಕ್ಕೆ ಇವನ ಮನೆಯಲ್ಲಿ ಬೆಳೆಯೇ ಬಂದಿದೆಯಲ್ಲ ಎಂದು ಅವರಿಗೆ ಅಳುವೇ ಬಂತು. ಮಕ್ಕಳು ಬಾಯಿ ತೆರೆದುಕೊಂಡು ಅಜ್ಜನ ಮುಖ ನೋಡುತ್ತಿದ್ದವು. ಅವುಗಳ ಮುಂದೆ ಹೇಗೆ ಹೇಳುವುದು? ಮೂರು ಸಲ ಬಾಯಿ ತೆರೆದರು, ಮೂರು ಸಲವೂ ರೊಟ್ಟಿ ತುರುಕಿಕೊಂಡರು.

ನೀಲಾಬಾಯಿ ಹೆಚ್ಚು ಮಾತಿನ ಹೆಂಗಸಲ್ಲ. ಬಾಗಿಲ ಬಳಿ ನಿಂತು ಬಾಯಾರ ಮುಖವನ್ನೇ ನೋಡುತ್ತಿದ್ದವಳು ಮೊಸರಿನ ಗಡಿಗೆ ತಂದು ಇನ್ನೊಂದು ಸೌಟು ಬಡಿಸಿದಳು. "ಇರ್ಲಿ ಬಾಯಾರ, ಉಣ್ರಿ" ಎಂದಳು. ಸೀತಾಬಾಯಿ ಉಂಡರು. ತಿರುಗಿ ಬರುವಾಗ ಬಸ್ಸಿನಲ್ಲಿ ರಾಯರು ಬದನೆಕಾಯಿಯನ್ನು ಹೊಗಳುತ್ತಿದ್ದರೆ ಇವರು ಕಿಟಕಿಗೆ ಹಣೆ ಒತ್ತಿ ಕುಳಿತಿದ್ದರು.

ಭಾನುವಾರ ಸಂಜೆ ನಾಲ್ಕಕ್ಕೆ ಸಿನಿಮಾ. ಸೇಡಮ್, ಚಿಂಚೋಳಿಯ ಕಡೆಯಿಂದಲೂ ಹುಡುಗರು ಬಂದಿದ್ದರು, ಕೊನೆಯ ಬಸ್ಸು ಸಿಗುವಂತೆ ಮುಗಿಸಬೇಕೆಂದು ಜಬೀನಾಳ ಏರ್ಪಾಡು. ಮದುವೆ ಹಾಲಿನ ಬಣ್ಣದ ತೋರಣವನ್ನು ಯಾರೂ ಬಿಚ್ಚಿರಲಿಲ್ಲ. ಹಿಂದೆ ಚಿತ್ರ ನೋಡಿದ ಹಳಬರು ಹನ್ನೊಂದು ಜನ, ಮುಂದಿನ ಸಾಲಿನಲ್ಲಿ. ಅವರ ನಡುವೆ ಇಸ್ತ್ರಿ ಮಾಡಿದ ಧೋತರ, ಹೊಸ ರುಮಾಲಿನ ಗುರುಲಿಂಗಪ್ಪ, ಪಕ್ಕದಲ್ಲಿ ಇಳಕಲ್ ಸೀರೆಯ ನೀಲಾಬಾಯಿ, ಅವರ ಹಿಂದೆ ಆ ಟೆಂಪೋ ಸಂಸಾರ. ಸೀತಾಬಾಯಿಗೆ ಪರದೆಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ, ಒಂದು ಕುರ್ಚಿ ಹಾಕಿದ್ದರು.

ಚಿತ್ರ ಓಡಿತು. ಗೋಡೆಯ ಮೇಲಿನ ಕಣ್ಣು ಕಂಡಾಗ ಕಾಲೇಜಿನವರು ತಮ್ಮ ತಮ್ಮ ಮೊಬೈಲು ನೋಡಿಕೊಂಡು ನಕ್ಕರು, ಆಮೇಲೆ ಮೆಲ್ಲಗೆ ಆ ನಗೆ ನಿಂತಿತು. ಜಬೀನಾಳ ಕನ್ನಡ ಅಚ್ಚುಕಟ್ಟಾಗಿತ್ತು. ನಾಯಕನನ್ನು ಹಿಡಿದರು, ಮುರಿದರು. ಬೆಂಚು ಬಂತು. ಚಿತ್ರದ ಕೆಳಗಿನ ಸಾಲುಗಳು ನಿಂತುಹೋದವು. ಜಬೀನಾ ಮೈಕು ತಂದು ಕೈಗಿಟ್ಟಳು.

ಸೀತಾಬಾಯಿ ಮೈಕನ್ನು ಬಾಯಿಯ ಬಳಿ ಹಿಡಿದರು. ಬೆಂಚಿನ ಮೇಲೆ ಕುಳಿತ ಇಬ್ಬರನ್ನು ನೋಡಿ, ಅವರು ಏನು ಮಾತಾಡುತ್ತಿದ್ದಾರೆಂದು ಹೇಳಿದರು. ಒಬ್ಬರನ್ನೊಬ್ಬರು ಬಿಟ್ಟುಕೊಟ್ಟೆವು ಎನ್ನುತ್ತಿದ್ದಾರೆ ಎಂದರು. ಹುಡುಗಿ ಎದ್ದು ನಿಂತಳು. ಇಲ್ಲಿಯೇ ಅಂದು ಅವರು ರೈಲು ತಂದದ್ದು. ಗುರುಲಿಂಗಪ್ಪ ಬಗ್ಗಿ ಮೊಮ್ಮಗಳ ಕಿವಿಯಲ್ಲಿ ಏನೋ ಹೇಳಿದ, ಆ ಹುಡುಗಿ ಮುಂದಕ್ಕೆ ಸರಿದು ಕುಳಿತಳು. ಸೀತಾಬಾಯಿಗೆ ಅದು ಕಂಡಿತು. ಒಂದು ಕ್ಷಣ ಆ ಹಳೆಯ ಸುಳ್ಳು ನಾಲಿಗೆಯ ತುದಿಗೆ ಬಂತು, ಬಹಳ ಸಲೀಸಾಗಿ ಬಂತು. ಅದನ್ನು ನುಂಗಿಕೊಂಡರು.

"ಆಕಿ ಹೋದಳು" ಎಂದರು. "ತಿರುಗಿ ನೋಡಲಿಲ್ಲ. ಇಂವ ಗುಂಪಿನ್ಯಾಗ ನಿಂತು ದೊರೆಗೆ ಜೈ ಅನ್ನಾಕತ್ತಾನ. ಖರೇನ ಅನ್ನಾಕತ್ತಾನ. ಸಿನಿಮಾ ಇಲ್ಲಿಗೇ ಮುಗೀತದ. ರೈಲು ಇಲ್ಲ. ಅವತ್ತು ನಾ ಸುಳ್ಳು ಹೇಳಿದ್ದೆ. ಗುರುಲಿಂಗಪ್ಪನೋರು ಇಷ್ಟು ವರ್ಷ ಹೇಳಿದ್ದು ನನ್ನ ಸುಳ್ಳು, ಅವರ ತಪ್ಪಲ್ಲ. ನನ್ನ ಕ್ಷಮಿಸ್ರಿ."

ಪರದೆ ಬೆಳ್ಳಗಾಯಿತು. ಯಾರೋ ದೀಪ ಹಾಕಿದರು. ಮುಂದೆ ಸರಿದು ಕುಳಿತಿದ್ದ ಮೊಮ್ಮಗಳು ಅಜ್ಜನ ಕಡೆ ತಿರುಗಿ, ರೈಲು ಎಲ್ಲಿ ಎಂದು ಕೇಳಿದಳು. ಗುರುಲಿಂಗಪ್ಪ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡ. ಸೀತಾಬಾಯಿಗೆ ಭೂಮಿ ಬಾಯಿ ತೆರೆದರೆ ಸಾಕೆನಿಸಿತು.

ಎದ್ದು ನಿಂತವಳು ನೀಲಾಬಾಯಿ.

"ಬಾಯಾರ, ನಮಗ ಅವತ್ತೇ ಗೊತ್ತಿತ್ರಿ" ಎಂದಳು.

ಸೀತಾಬಾಯಿಗೆ ಅರ್ಥವಾಗಲಿಲ್ಲ. ಏನು ಗೊತ್ತಿತ್ತು ಎಂದು ಕೇಳಿದರು, ಮೈಕು ಇನ್ನೂ ಬಾಯಿಯ ಬಳಿಯೇ ಇತ್ತು.

"ನಮಗ ಇಂಗ್ಲಿಷ್ ಬರ್ತಿದ್ದಿಲ್ಲ, ಕಣ್ಣ ಇದ್ದವಲ್ರಿ. ಆ ಹುಡುಗಿ ಹೋದದ್ದೂ ಕಂಡಿತ್ತು, ಅಂವ ಜೈ ಅಂದದ್ದೂ ಕಂಡಿತ್ತು. ನೀವು ನೋಡಿದ್ರ ರೈಲು ಹತ್ತಿದ್ರು ಅಂತ ಹೇಳ್ಲಿಕತ್ತಿದ್ರಿ. ಮೈದಾನದಾಗ ಎಲ್ಲಾರೂ ಒಬ್ಬರ ಮಾರಿ ಒಬ್ಬರು ನೋಡಿದ್ರು. ಯಾರೂ ಏನೂ ಅನ್ನಲಿಲ್ಲ." ನೀಲಾಬಾಯಿ ಸೆರಗು ಸರಿಮಾಡಿಕೊಂಡಳು. ಇಷ್ಟು ಜನರ ಮುಂದೆ ಅವಳು ಮಾತಾಡಿದ್ದು ಅದೇ ಮೊದಲು. "ಆ ವರ್ಷ ರೇಡಿಯೋದಾಗ, ಮೈಕಿನ್ಯಾಗ ಹೇಳೋದೆಲ್ಲ ಸುಳ್ಳೇ ಇತ್ರಿ. ಎಲ್ಲಾ ಸುಳ್ಳೂ ನಮ್ಮನ್ನ ಅಂಜಸ್ಲಿಕ್ಕೆ. ನೀವೊಬ್ಬಾಕಿ ನಮ್ಮ ಸಲುವಾಗಿ ಸುಳ್ಳು ಹೇಳಿದ್ರಿ, ಅದೂ ಅಳಕೋತ. ಮಾರಿ ಕಾಣದ ಹುಡುಗಿ ನಮಗ ಹೋಗ್ರಿ, ಬದುಕ್ರಿ ಅಂತ ಹೇಳ್ಲಿಕತ್ತಾಳ ಅಂತ ನಾ ಇವರಿಗೆ ಅಂದೆ. ಅದಕ್ಕ ಹೋದ್ವಿ."

ಮುಂದಿನ ಸಾಲಿನ ಹಳಬರು ತಲೆಯಾಡಿಸಿದರು. ಅವರಲ್ಲಿ ದೇವೀಂದ್ರಪ್ಪ ಎಂಬ ಹಲ್ಲಿಲ್ಲದ ಮುದುಕ, ಚಪ್ಪಾಳೆ ಹೊಡೆಯಲು ಶುರುಮಾಡಿದ್ದು ತಾನೇ, ಹುಡುಗಿ ಪಾಪ ಅಳುತ್ತಿದ್ದಾಳೆಂದು ಹೊಡೆದದ್ದು ಎಂದು ವಿವರಿಸಿದ. ಅಂದರೆ ಅಷ್ಟೂ ಜನಕ್ಕೆ ಗೊತ್ತಿತ್ತು. ತಾನೇ ಇವರ ಕಣ್ಣು ಎಂದುಕೊಂಡಿದ್ದ ಸೀತಾಬಾಯಿಗೆ ನಾಚಿಕೆಯಾಯಿತು, ನಾಚಿಕೆಯ ಬೆನ್ನಿಗೇ ಎದೆಯ ಮೇಲಿನ ಕಲ್ಲು ಸರಿದಂತಾಗಿ ಉಸಿರು ಸಲೀಸಾಯಿತು. ಆದರೂ ಒಂದು ತಿಳಿಯಲಿಲ್ಲ. ಇಷ್ಟು ವರ್ಷ ಗುರುಲಿಂಗಪ್ಪ ಪಾಲಕರ ಸಭೆಗೆ ಬಂದು ಕೈಮುಗಿದು ರೈಲಿನ ಮಾತು ಹೇಳುತ್ತಿದ್ದನಲ್ಲ, ಗೊತ್ತಿದ್ದೂ ಯಾಕೆ? ಅದನ್ನು ಕೇಳಿಯೇಬಿಟ್ಟರು.

ಗುರುಲಿಂಗಪ್ಪ ಈಗ ತಲೆ ಎತ್ತಿದ. ಕಣ್ಣುಗಳು ಒದ್ದೆಯಾಗಿದ್ದವು, ಮುಖದಲ್ಲಿ ನಗುವಿತ್ತು.

"ನೀವು ನಂಬಿಸೀನಿ ಅಂತ ತಿಳಕೊಂಡಿದ್ರಲ್ಲ ಬಾಯಾರ" ಎಂದ. "ನಾವು ನಂಬಿಲ್ಲ ಅಂತ ಗೊತ್ತಾದ್ರ ನಿಮಗ ಎಷ್ಟು ಕೆಟ್ಟ ಅನಸ್ತದೋ ಅಂತ, ಊರೆಲ್ಲಾ ಕೂಡಿ ಮುಚ್ಚಿಟ್ಟಿದ್ವಿ."

ಸೀತಾಬಾಯಿ ಮೈಕು ಕೆಳಗಿಟ್ಟರು. ಒಬ್ಬ ಹುಡುಗಿಯ ಮನಸ್ಸು ನೋಯಬಾರದೆಂದು ನಾನೂರು ಜನ ನಲವತ್ತೊಂಬತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದರು. ಅವರಲ್ಲಿ ಎಷ್ಟೋ ಮಂದಿ ಅದನ್ನು ಹೇಳದೆಯೇ ತೀರಿಹೋಗಿದ್ದರು. ಉಳಿದ ಹನ್ನೊಂದು ಮುಖಗಳನ್ನು ಅವರು ಒಂದೊಂದಾಗಿ ನೋಡಿದರು, ಅವರೂ ಇವರನ್ನು ನೋಡಿದರು.